ಭೂಮಧ್ಯರೇಖೆಯ ಮೇಲೆ ಮಾಮನನ್ನು ಕರೆದದ್ದು

ಸತ್ತವರು ಬರುತ್ತಾರೆ, ಮಾತಾಡುತ್ತಾರೆ ಎಂಬುದೆಲ್ಲ ಕೆಲಸವಿಲ್ಲದವರ ಪಟ್ಟಾಂಗ ಎಂದು ನಗಾಡುತ್ತಿದ್ದವನು ನಾನು. ದೈವಗಳಿಗೆ ಕೈ ಮುಗಿಯುತ್ತೇನೆ, ಅದು ಬೇರೆ. ಆದರೆ ಈಗ ಹೇಳುವುದು ಸ್ವತಃ ನನ್ನ ಕಿವಿಗೆ ಬಿದ್ದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಸೋದರಮಾವ ಆಫ್ರಿಕಾದ ದಾರ್ ಎಸ್ ಸಲಾಮ್‌ನಲ್ಲಿ ಹೋಟೆಲು ಇಟ್ಟುಕೊಂಡಿದ್ದರು. ಮದುವೆಯಾಗಲಿಲ್ಲ. ಊರಿಗೆ ಬಂದರೆ ಮಂಗಳೂರಿನ ಕೊಟ್ಟಾರದ ನಮ್ಮ ಮನೆಯಲ್ಲೇ ಠಿಕಾಣಿ. ಆವತ್ತೇ ನೀರುದೋಸೆ, ಕೋಳಿಸಾರು ಆಗಬೇಕು. ಉಂಡು ಎದ್ದ ಮೇಲೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಸಿಂಹದ ಕಥೆ ಹೇಳುತ್ತಿದ್ದರು, ಎಲ್ಲ ಶುದ್ಧ ಸುಳ್ಳು. ಒಳಗಿನಿಂದ ಯಾರಾದರೂ ಕರೆದರೆ “ಓ, ಬತ್ತೆ” ಎಂದು ರಾಗವಾಗಿ ಓಗೊಡುತ್ತಿದ್ದರು. ತುಳುವಿನಲ್ಲಿ ‘ಬಂದೆ’ ಎಂದು ಅರ್ಥ. ಎಂಥಾ ದಿನಗಳು ಅವು!

ಅವರು ಅಲ್ಲೇ ಹಠಾತ್ತನೆ ತೀರಿಕೊಂಡರು. ಸುಡುವುದೂ ಅಲ್ಲೇ ಆಯಿತು. ನಮ್ಮಲ್ಲಿ ಸತ್ತವರನ್ನು ಮನೆಯೊಳಗೆ ಕರೆದು, ಎಲೆ ಹಾಕಿ ಬಡಿಸಿ, ಹಿರಿಯರ ಜೊತೆ ಸೇರಿಸುವ ಕ್ರಮ ಉಂಟು. ಅಮ್ಮ ಅದನ್ನೂ ಮಾಡಿಸಿದಳು. ಆದರೆ “ಅಣ್ಣ ಬರಲಿಲ್ಲ” ಎಂದು ಪಟ್ಟು ಹಿಡಿದಳು. ಮೀನಿಲ್ಲದೆ ಗಂಜಿ ಇಳಿಯದ ಹೆಂಗಸು, ಅವನು ಒಳಗೆ ಬರುವವರೆಗೆ ಮುಟ್ಟುವುದಿಲ್ಲ ಎಂದು ಮೀನು ಬಿಟ್ಟಳು. ಆಮೇಲೆ ಊಟವೇ ಕಡಿಮೆಯಾಯಿತು. ದಿನದಿನಕ್ಕೆ ಇಳಿದುಹೋಗುತ್ತಿದ್ದವಳನ್ನು ನೋಡಿ ನನಗೆ ಹೆದರಿಕೆಯಾಯಿತು.

“ದಾರಿ ಗೊತ್ತಾಗದೆ ಅಲ್ಲೇ ನಿಂತಿದ್ದಾನೆ ಮಗಾ. ಅವನ ಅಳಿಯ ನೀನು, ಹೋಗಿ ಕರ್ಕೊಂಡು ಬಾ. ಹೊಳೆ, ಸಂಕ, ಗಡಿ ಎಂತ ಸಿಕ್ಕಿದ್ರೂ ಹೇಳ್ಬೇಕು ಅವನಿಗೆ.” ನಡುವೆ ಭೂಮಧ್ಯರೇಖೆ ಇದೆ ಎಂದು ನನ್ನ ಮಗಳು ಅಜ್ಜಿಗೆ ಅಟ್ಲಾಸ್ ತೋರಿಸಿಬಿಟ್ಟಿದ್ದಳು. “ಅದು ದೊಡ್ಡ ಗಡಿ. ಅಲ್ಲಿ ಹೇಳಲು ಮರೀಬೇಡ.”

“ಅಲ್ಲಿ ಗೇಟು ಗೀಟು ಎಂತದೂ ಇಲ್ಲ ಅಮ್ಮ.”

“ನೀನು ಕಂಡಿದ್ದೀಯಾ?”

ಕಂಡಿರಲಿಲ್ಲ. ಹೋದೆ. ಮಾಮನ ಹೋಟೆಲಿದ್ದ ಬೀದಿಯಲ್ಲಿ ನಿಂತು, ಯಾರಾದರೂ ನೋಡುತ್ತಾರೋ ಎಂದು ನಾಚಿಕೊಳ್ಳುತ್ತಾ, ಮನೆಗೆ ಹೋಗುವ ಬನ್ನಿ ಎಂದು ಕರೆದೆ. ಎಂತದೂ ಆಗಲಿಲ್ಲ. ಮರುದಿನ ಮುಂಬೈ ವಿಮಾನ ಹತ್ತಿದೆ.

ಹೊರಗೆ ಸುಡುಬಿಸಿಲು, ಕೆಳಗೆ ಕಡಲು. ಎದುರು ಸೀಟಿನ ಬೆನ್ನಿಗಿದ್ದ ಪರದೆಯಲ್ಲಿ ಸಣ್ಣ ವಿಮಾನದ ಚಿತ್ರ ಭೂಮಧ್ಯರೇಖೆಯ ಗೆರೆಯ ಹತ್ತಿರ ಬಂತು. ಪಕ್ಕದಲ್ಲಿ ಒಬ್ಬ ಆಫ್ರಿಕಾದ ಹುಡುಗಿ ಪತ್ರಿಕೆ ಓದುತ್ತಿದ್ದಳು. ಹೇಳದಿದ್ದರೆ ಅಮ್ಮನ ಮುಖ ನೋಡುವುದು ಹೇಗೆ? ಕಿಟಕಿಗೆ ಮುಖ ಹಾಕಿ ಸಣ್ಣ ದನಿಯಲ್ಲಿ, “ಮಾಮ, ಗಡಿ ಬತ್ತ್ಂಡ್, ಬಲೆ” ಎಂದೆ. ಗಡಿ ಬಂತು, ಬನ್ನಿ ಎಂದು.

“ಓ, ಬತ್ತೆ.”

ಅದೇ ರಾಗ. ಹಿಂದಿನಿಂದ, ಸ್ವಲ್ಪ ದೂರದಿಂದ ಬಂತು. ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಹುಡುಗಿ ಪತ್ರಿಕೆಯಿಂದ ತಲೆ ಎತ್ತಿ ಹಿಂದೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ, “ನಿಮ್ಮ ಜೊತೆಯವರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎದ್ದು ವಿಮಾನದ ತುದಿಯವರೆಗೂ ಹೋಗಿ ಬಂದೆ. ಒಂದು ಪರಿಚಯದ ಮುಖವೂ ಇರಲಿಲ್ಲ.

ಮನೆ ಮುಟ್ಟಿದಾಗ ಅಮ್ಮ ಕೇಳಿದ ಮೊದಲ ಮಾತು, “ಗಡಿಯಲ್ಲಿ ಹೇಳಿದೆಯಾ? ಓಗೊಟ್ಟನಾ?” ಹೌದು ಎಂದೆ. ಅವಳಿಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. “ಮತ್ತೆಂತ, ಕರೆದರೆ ಬರದೆ ಇರ್ತಾನಾ” ಎಂದು ನನಗೇ ಬೈದು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಾಮನನ್ನು ಒಳಗೆ ಕರೆದು ಎಲೆ ಹಾಕಿ ಬಡಿಸಿದ್ದಾಯಿತು. ಆ ವಾರವೇ ಬಂಗುಡೆ ಮೀನು ತರಿಸಿದಳು.

ಯಾರೋ ನಮ್ಮೂರಿನವನೇ ಕೂತಲ್ಲಿಂದ ತಮಾಷೆ ಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಮಂಗಳೂರಿನವರಿಲ್ಲದ ವಿಮಾನ ಎಲ್ಲುಂಟು ಮಾರಾಯರೇ! ಆದರೆ ಪರದೇಶದಲ್ಲಿ ಒಂದು ತುಳು ಮಾತು ಕಿವಿಗೆ ಬಿದ್ದ ಮೇಲೂ ಎದ್ದು ಬಂದು “ಇಲ್ಲ್ ಓಲು?”, ಮನೆ ಎಲ್ಲಿ ಎಂದು ಕೇಳದೆ ಕೂತಿರುವ ಮಂಗಳೂರಿನವನನ್ನು ನಾನಿನ್ನೂ ಕಂಡಿಲ್ಲ.

ಈಗ ಅಮ್ಮನೂ ಇಲ್ಲ. ಅವಳನ್ನು ಒಳಗೆ ಕರೆಯುವ ದಿನ ಬಾಗಿಲಲ್ಲಿ ನಿಂತು ನಾನೇ ಕರೆದೆ. ಕರೆದವನು ಹಾಗೇ ನಿಂತುಬಿಟ್ಟೆ. ನೆಂಟರೆಲ್ಲ ಒಳಗೆ ಹೋಗಿದ್ದರು. ಹೆಂಡತಿ ಬಂದು ಭುಜ ಮುಟ್ಟಿ, “ಎಂತ ಕಾಯ್ತಾ ಇದ್ದೀರಿ? ಬನ್ನಿ” ಎಂದಳು. ಅಮ್ಮ ಇನ್ನೂ ಓಗೊಡಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.