ಎಡಗಡೆಯ ಟ್ಯೂಬು

ಮೊನ್ನೆ ಬಾಗಲೂರು ರಸ್ತೆಯ ಪಂಕ್ಚರ್ ಅಂಗಡಿಯ ಮುಂದೆ ನನ್ನ ಹಳೇ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಕಾಯುವುದೆಂದರೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಅವಸರ ಮಾಡಿ ಅಂಗಡಿಯವನಿಂದ ಬೈಸಿಕೊಂಡೂ ಆಗಿತ್ತು. ಅವನು ಟ್ಯೂಬನ್ನು ಉಜ್ಜಿ ರಬ್ಬರ್ ಸಲ್ಯೂಷನ್ ಸವರಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಲಿನ ಮನೆಯ ಮೇಡಂ ನೆನಪಾದರು...

ಅವರು ಕೋಗಿಲಿನ ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದರು. ವಿಜಯಪುರದ ಕಡೆಯವರು, ಯಲಹಂಕದ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಒಬ್ಬರೇ ಇದ್ದರು. ಒಂದು ಕಡೆ ಕೂತವರೇ ಅಲ್ಲ. ಫೋನಿನಲ್ಲಿ ಮಾತಾಡುವಾಗಲೂ ಟೆರೇಸಿನ ಉದ್ದಗಲ ಅಳೆಯುತ್ತಿದ್ದರು. ನಾನೂ ಅಂಥವಳೇ ಆದ್ದರಿಂದ ನಮಗೆ ಹೊಂದಿಕೆಯಾಯಿತು. ಒಮ್ಮೆ ಕಾಲೇಜಿನವರ ಜೊತೆ ಕಾಳಿ ನದಿಗೆ ರಾಫ್ಟಿಂಗ್ ಹೋಗಿಬಂದವರು ಸಿಡಿಮಿಡಿಗುಟ್ಟುತ್ತಲೇ ಮೆಟ್ಟಿಲು ಹತ್ತಿದರು.

"ಮುಂದ ಕುಂತು ಚೀರೋದು, ಅಷ್ಟ ನಮ್ಮ ಕೆಲಸ. ದೋಣಿ ನಾನ ನಡಸಬೇಕ್ರಿ!"

ಆಗಲೇ ಅವರ ಬೆರಳ ಗೆಣ್ಣುಗಳು ಊದಿಕೊಳ್ಳತೊಡಗಿದ್ದವು. ಸಂಧಿವಾತ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಳ್ಳದೆ ಚಾಕ್‌ಪೀಸ್ ಹಿಡಿಯಲಾಗುತ್ತಿರಲಿಲ್ಲ. ಡಾಕ್ಟರು ಮಾತ್ರೆ ಬದಲಿಸುತ್ತಲೇ ಇದ್ದರು, ಊತ ಇಳಿಯಲಿಲ್ಲ. ಬೆರಳುಗಳು ಪೂರ್ತಿ ಮುಷ್ಕರ ಹೂಡುವ ಮೊದಲು ಒಂದು ಸಲ ತಾವೇ ಹುಟ್ಟು ಹಾಕಿ ಕಾಳಿಯ ಆ ಬಿಳಿನೊರೆಯ ಇಳಿಜಾರನ್ನು ದಾಟಬೇಕು ಎನ್ನುವುದು ಅವರ ಹಟವಾಗಿತ್ತು.

ರಾಫ್ಟ್ ಬೇಡವೆಂದರು, ಅದಕ್ಕೆ ಜನರ ಗುಂಪು ಕಟ್ಟಬೇಕು. ಕಯಾಕ್‌ನಲ್ಲಿ ಸೊಂಟದವರೆಗೆ ಒಳಗೆ ಸಿಕ್ಕಿಕೊಂಡಿರಬೇಕು. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುವವರಿಗೆ ಅದು ಎಲ್ಲಿ ಆಗುತ್ತದೆ? ಕೊನೆಗೆ ಗಾಳಿ ತುಂಬುವ ಪುಟ್ಟ ಕ್ಯಾಟಮರಾನ್ ಮನಸ್ಸಿಗೆ ಬಂತು. ಎರಡು ದಪ್ಪ ಟ್ಯೂಬು, ನಡುವೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಟ್ಯೂಬಿಗೊಬ್ಬರಂತೆ ಸೀಟಿನ ಮೇಲೆ ಕುದುರೆ ಹತ್ತಿದ ಹಾಗೆ ಕೂರಬೇಕು. ನಡುವೆ ತೆರೆದೇ ಇರುವುದರಿಂದ ಒಳಗೆ ನೀರು ನಿಲ್ಲುವುದಿಲ್ಲ. ಉದ್ದನೆಯದು ನೆಟ್ಟಗೆ ಓಡುತ್ತದೆ, ಆದರೆ ಬಂಡೆ ಕಂಡಾಗ ಬೇಗ ತಿರುಗುವುದಿಲ್ಲ ಎಂದು ಗಿಡ್ಡನೆಯದನ್ನೇ ಆರಿಸಿದರು. ರಾಫ್ಟಿಂಗ್ ನಡೆಸುವವರೊಬ್ಬರು ಬಳಸಿ ಬಿಟ್ಟಿದ್ದ, ತೇಪೆ ಹಾಕಿದ ಕಿತ್ತಳೆ ಬಣ್ಣದ ದೋಣಿ. ಎರಡು ಕಡೆಯ ತೂಕ ಸಮ ಇರಬೇಕಾದ್ದರಿಂದ ಬಲಗಡೆಗೆ ನಾನೇ ಆದೆ. ಎಡಗಡೆ ಅವರದು.

ಅದನ್ನು ಟೆರೇಸಿನಲ್ಲಿ ಊದಿಸಿಟ್ಟ ದಿನ ಒಣಹಾಕಿದ ಹಪ್ಪಳ ತೆಗೆಯಲು ಬಂದ ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟರು. "ಇಂಗೆ ಊದ್ಕೊಂಡು ಕೂತ್ರೆ ಅಡುಗೆ ಯಾರಮ್ಮಿ ಮಾಡೋರು?"

ಮೊದಲ ಭಾನುವಾರ ನಾನು ಉರಿಬಿಸಿಲಿನಲ್ಲಿ ಚೌಕಟ್ಟಿನ ಪಟ್ಟಿಗಳನ್ನು ಮೈಯೆಲ್ಲ ಬಲ ಹಾಕಿ ಬಿಗಿದು ಬೀಗುತ್ತ ನಿಂತಿದ್ದೆ. ತಲೆಯ ಮೇಲೆ ವಾಯುನೆಲೆಯ ವಿಮಾನ ಗುಡುಗುತ್ತ ಹೋಯಿತು. ಮೇಡಂ ಒಂದು ಬಕೆಟ್ ತಣ್ಣೀರು ತಂದು ಟ್ಯೂಬುಗಳ ಮೇಲೆ ಸುರಿದರು. ನೋಡನೋಡುತ್ತಿದ್ದಂತೆ ಒಳಗಿನ ಗಾಳಿ ಕುಗ್ಗಿ ಪಟ್ಟಿಗಳು ಜೋಲುಬಿದ್ದವು.

"ಬಿಸಿಲಾಗ ಬಿಗಿ ಆಗಿದ್ದನ್ನ ನಂಬಬ್ಯಾಡ್ರಿ. ನದ್ಯಾಗಿನ ನೀರು ತಣ್ಣಗಿರ್ತೈತಿ."

ಅಂದಿನಿಂದ ಮೊದಲು ತಣ್ಣೀರು, ಆಮೇಲೆ ಗಾಳಿ, ಆಮೇಲೆ ಪಟ್ಟಿ. ಸೀಟಿನಲ್ಲಿ ತೊಡೆ ಹಿಡಿದುಕೊಳ್ಳುವ ಪಟ್ಟಿಗಳ ತುದಿಗೆ ತಮ್ಮ ಹಳೇ ಇಳಕಲ್ ಸೀರೆಯ ಕೆಂಪು ಸೆರಗನ್ನು ಮಡಚಿ ದಪ್ಪಗೆ ಹೊಲಿದರು, ಮರಗಟ್ಟಿದ ಬೆರಳಿಗೂ ಸಿಗಲಿ ಎಂದು. ಒಂದೇ ಎಳೆತಕ್ಕೆ ಬಿಚ್ಚದ್ದು ಯಾವುದೂ ಮೈಮೇಲೆ ಇರಕೂಡದು ಎನ್ನುವುದು ಅವರ ಕಟ್ಟಾಜ್ಞೆ. ನಾನು ಸೀಟಿನಲ್ಲಿ ಕೂತು ಹರಟುತ್ತಿದ್ದರೆ ಹಿಂದಿನಿಂದ ಬಂದು "ಮಗಚಿತು!" ಎಂದು ಕೂಗುತ್ತಿದ್ದರು. ತಕ್ಷಣ ನಾನು ಕೆಂಪು ತುದಿ ಎಳೆಯಬೇಕು. ಆಮೇಲೆ ನಿಂತ ನೀರಿನಲ್ಲಿ ಬೇಕೆಂದೇ ಮಗುಚಿ, ಎದ್ದು, ಕಲಿತೆವು.

ಕಾಳಿಗೆ ಹೋದದ್ದು ಚಳಿ ಇನ್ನೂ ಬಿಡದ ತಿಂಗಳಲ್ಲಿ. ರಾಫ್ಟಿಂಗ್‌ನವರ ಗೈಡ್ ಒಬ್ಬ ಜೊತೆಗೆ ಬಂದಿದ್ದ. ದಡದಲ್ಲಿ ಮೇಡಂ ಹುಟ್ಟು ಹಿಡಿಯಲು ಹೋದರು, ಬೆರಳು ಮುಚ್ಚಲಿಲ್ಲ. ಫ್ಲಾಸ್ಕಿನ ಬಿಸಿನೀರು ಸುರಿದುಕೊಂಡರು. ಉಜ್ಜಿಕೊಂಡರು. ಮುಚ್ಚಲಿಲ್ಲ. ಆಗ ಒಂದು ಪಟ್ಟಿಯನ್ನು ನನ್ನತ್ತ ಚಾಚಿದರು.

"ನನ್ನ ಕೈ ಹುಟ್ಟಿಗೆ ಕಟ್ಟಿಬಿಡ್ರಿ."

"ಆಗಲ್ಲ ಮೇಡಂ. ಮಗುಚಿದ್ರೆ ಹೆಂಗೆ ಬಿಚ್ಕೋತೀರ? ನೀವೇ ಹೇಳಿದ್ದಲ್ವಾ?"

"ನಿಮ್ಮ ಕೈ ಗಟ್ಟಿ ಅದಾವ, ಅದಕ್ಕ ಹೇಳ್ತೀರಿ!"

ಕಪಾಳಕ್ಕೆ ಹೊಡೆದಂತಾಯಿತು. ನಾನು ಸಿಟ್ಟಿನಲ್ಲೇ ಅಳುತ್ತ ಆ ಪಟ್ಟಿಯನ್ನು ಕಿತ್ತುಕೊಂಡು ನೀರಿಗೆಸೆದೆ. ಇವತ್ತು ಕೇಳಿದರೂ ಕಟ್ಟುವುದಿಲ್ಲ. ಅವರು ಗೈಡ್ ಕಡೆ ಗದ್ದ ಎತ್ತಿ ಹೆಲ್ಮೆಟ್ ಬಿಚ್ಚಿಸಿಕೊಂಡು, ಅವನನ್ನೇ ಎಡಗಡೆ ಕೂರಿಸಿದರು.

"ಹೋಗ್ರಿ. ನಾ ಕಟ್ಟಿದ್ದು ತಡಿತೈತೇನ ನೋಡಬೇಕು ನನಗ."

ತಡೆಯಿತು. ಚೌಕಟ್ಟು ಒಂದು ಬೆರಳಿನಷ್ಟೂ ಜರುಗಲಿಲ್ಲ. ಕೆಳಗಿನ ತಿಳಿನೀರಿಗೆ ಬಂದು ಕೆಮ್ಮುತ್ತ ತಿರುಗಿ ನೋಡಿದೆ. ಮೇಡಂ ಬಂಡೆಯ ಮೇಲೆ ನಿಂತು, ಮುಚ್ಚದ ಎರಡೂ ಕೈಗಳನ್ನು ಎಡಕ್ಕೆ ಚಾಚಿ ಗಾಳಿಯಲ್ಲಿ ಹುಟ್ಟು ಹಾಕುತ್ತಿದ್ದರು. ನಾವು ದಾಟಿಯಾಗಿದ್ದರೂ ನಿಲ್ಲಿಸಿರಲಿಲ್ಲ.

ಮುಂದೆ ಅವರು ಕೆಲಸ ಬಿಟ್ಟು ಅಕ್ಕನ ಮನೆಗೆ ಹೋದರು. ದೋಣಿ ನನಗುಳಿಯಿತು. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ, "ಊದಿಸಿದ್ರೇನು?" ಮುಂದಿನ ತಿಂಗಳು ಎನ್ನುತ್ತಿದ್ದೆ. ಹೋದ ಚಳಿಗಾಲದಲ್ಲಿ ಫೋನ್ ಬಂದದ್ದು ಅವರ ಅಕ್ಕನಿಂದ, ಮೇಡಂ ಹೋಗಿಬಿಟ್ಟರೆಂದು.

ಪಂಕ್ಚರ್ ಅಂಗಡಿಯಿಂದ ಬಂದವಳೇ ಮೆಟ್ಟಿಲ ಕೆಳಗಿನ ಚೀಲ ಎಳೆದು ಟೆರೇಸಿಗೆ ಹೊತ್ತೆ. ಎರಡೂ ಟ್ಯೂಬುಗಳಿಗೆ ತಣ್ಣೀರು ಸುರಿದು, ಗಾಳಿ ತುಂಬಿ, ಪಟ್ಟಿ ಬಿಗಿದೆ. ಅತ್ತೆ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದರು.

"ಆ ಕಡೀಕೆ ಯಾರಮ್ಮಿ ಕೂರೋರು?"

ಯಾರೂ ಇಲ್ಲ. ಎರಡೂ ಸೀಟು ಬಿಚ್ಚಿ ನಡುವೆ ಒಂದನ್ನೇ ಕೂರಿಸಿದರೆ ಒಬ್ಬಳೇ ನಡೆಸಬಹುದು. ಅದನ್ನೂ ಮೇಡಂ ತೋರಿಸಿಕೊಟ್ಟಿದ್ದರು. ನನ್ನದನ್ನು ಬಿಚ್ಚಿದೆ. ಸ್ಪ್ಯಾನರ್ ಹಿಡಿದು ಎಡಗಡೆಗೆ ಬಂದೆ. ಕೆಂಪು ಸೆರಗಿನ ತುದಿ ಒದ್ದೆಯಾಗಿತ್ತು... ಆ ಸೀಟು ಬಿಚ್ಚಲು ನನಗೆ ಕೈ ಏಳಲಿಲ್ಲ.