ಬಂಡೆಯ ಮೇಲಿನ ಒದ್ದೆ ಗೆರೆ

ಶ್ರೀರಾಂಪುರದ ಕಡೆ ಆಗಿನ್ನೂ ಕಲ್ಲು ಕೊಯ್ಯುವ ಯಂತ್ರ ಬಂದಿರಲಿಲ್ಲ. ಬೇಸಿಗೆ ರಜೆ ಬಂತೆಂದರೆ ನಾನು ಅಪ್ಪ, ಚಿಕ್ಕಪ್ಪನ ಹಿಂದೆ ಊರಾಚೆಯ ಬಂಡೆಗೆ ಹೊರಡುತ್ತಿದ್ದೆ. ಉಳಿ ಬಿದ್ದಾಗ ಕಲ್ಲಿನಿಂದ ಏಳುವ ಸುಟ್ಟ ವಾಸನೆ, ಹುಚ್ಚೆಳ್ಳು ಚಟ್ನಿ ಸವರಿದ ತಣ್ಣನೆಯ ರೊಟ್ಟಿ, ಇವೆರಡೂ ಈಗಲೂ ಒಟ್ಟಿಗೇ ನೆನಪಾಗುತ್ತವೆ.

ನನ್ನ ಕೆಲಸ ಒದ್ದೆ ಬಟ್ಟೆ ಎಳೆಯುವುದು. ಸಾಲಾಗಿ ಕೊರೆದ ಕುಳಿಗಳಿಗೆ ಕಬ್ಬಿಣದ ಬೆಣೆ ಇಟ್ಟು ಬಡಿದಾಗ ಬಿರುಕು ಎಲ್ಲಿಯವರೆಗೆ ಹೋಯಿತೆಂದು ಬರಿಗಣ್ಣಿಗೆ ಕಾಣುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಿಸಿಲಿಗೆ ಕಲ್ಲೆಲ್ಲ ಒಣಗಿ, ಬಿರುಕು ಮಾತ್ರ ಕಪ್ಪು ದಾರದಂತೆ ಉಳಿಯುತ್ತಿತ್ತು. ಆ ದಾರ ಉದ್ದವಾಗುವುದನ್ನು ನೋಡುವ ಹುಚ್ಚು ನನಗೆ.

ಯಾವಾಗಲೂ ಒಂದೇ ತುದಿಯಿಂದ ಸೀಳುತ್ತಿದ್ದರು. ಒಂದು ದಿನ ಹೊಸ ಮನೆಯ ಬಾಗಿಲ ಮೇಲಿಡಲು ಉದ್ದನೆಯ ಕಲ್ಲು ಬೇಕಿತ್ತು. ಬೆಳಿಗ್ಗೆಯಿಂದ ಅಣ್ಣತಮ್ಮಂದಿರಿಗೆ ಒಂದೇ ಜಗಳ, ಯಾರು ನೆಟ್ಟಗೆ ಸೀಳುತ್ತಾರೆಂದು.

“ನೀನು ಸೀಳಿದ್ರೆ ಎತ್ತು ಉಚ್ಚೆ ಹೊಯ್ದಂಗಿರ್ತೈತೆ ಕಣ್ಲೇ” ಎಂದ ಅಪ್ಪ.

“ಹಂಗಾದ್ರೆ ನೀನು ಆ ಕಡೆಯಿಂದ ಬಾರಣ್ಣ, ನಾನು ಈ ಕಡೆಯಿಂದ ಬರ್ತೀನಿ. ನಡುವೆ ಸಿಗಾಣ” ಎಂದ ಚಿಕ್ಕಪ್ಪ.

ಬಿರುಕುಗಳು ತಾವೇ ಬಂದು ಕೂಡಿಕೊಳ್ಳುತ್ತವೆಂದು ನಡುವೆ ಕುಳಿಯನ್ನೇ ಕೊರೆಯಲಿಲ್ಲ. ಆ ಖಾಲಿ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನು ಬಟ್ಟೆ ಎಳೆಯುತ್ತಿದ್ದೆ. ಬಂಡೆ ಇಳಿಜಾರು. ಕೆಳಗೆ ಹಳೆಯ ಕ್ವಾರಿಯ ಗುಂಡಿ.

ಒಂದೊಂದು ಏಟಿಗೂ ಎರಡು ದಾರಗಳು ಹತ್ತಿರ ಬಂದವು. ಇನ್ನೇನು ಕೂಡಿದವು ಎಂದುಕೊಂಡೆ. ಕೂಡಲಿಲ್ಲ. ಹೊಲದ ಬದುವಿನ ಮೇಲೆ ಎದುರಾದವರಂತೆ ಒಂದು ಈ ಕಡೆ, ಒಂದು ಆ ಕಡೆ ಸರಿದು ದಾಟಿಕೊಂಡವು.

“ಚಿಕ್ಕಪ್ಪಾ, ಇವು ದಾರಿ ಬಿಟ್ಕಂಡ್ವು!”

“ನೋಡಿದೇನಣ್ಣ, ನಿಂದು ನಂದನ್ನ ಕಂಡು ಹೆದರ್ಕಂತು.”

ಅಪ್ಪ ರೇಗಿ ಇನ್ನೊಂದು ಏಟು ಹಾಕಿದ.

ದಾಟಿದ ಮೇಲೆ ಅವು ತಿರುಗಿದವು. ಒಂದರ ತುದಿ ಇನ್ನೊಂದರ ಬೆನ್ನಿಗೆ ಬಾಗಿತು, ಇನ್ನೊಂದೂ ಹಾಗೆಯೇ. ಒದ್ದೆ ಗೆರೆಯಲ್ಲಿ ಕಣ್ಣಿನ ಆಕಾರದ ತುಂಡೊಂದು ಮೂಡಿತು. ಎಷ್ಟು ಚೆಂದ ಎಂದು ನೋಡುತ್ತಲೇ ಇದ್ದೆ. ಅದರ ಮೇಲೆ ಕೂತವಳು ನಾನೇ ಎಂಬುದು ತಲೆಗೆ ಹೋಗಲಿಲ್ಲ.

“ಏಳಲೇ!”

ಚಿಕ್ಕಪ್ಪನ ಕೈ ನನ್ನ ಜಡೆಗೆ ಬಿತ್ತು. ಸೀಳಿದ ಬಂಡೆಯ ಕೆಳಗಿನ ಭಾಗ ಗುಂಡಿಗೆ ಜಾರಿತು, ಅದರ ಹಿಂದೆಯೇ ಆ ಕಣ್ಣೂ, ರೊಟ್ಟಿಯ ಗಂಟೂ. ಸದ್ದು ಆಮೇಲೆ ಬಂತು. ಅಪ್ಪ ಓಡಿಬಂದು ನನ್ನ ಪಾದ, ಮೊಣಕಾಲು ಮುಟ್ಟಿ ಮುಟ್ಟಿ ನೋಡಿದ. “ಎರಡೂ ಅವೇನವ್ವಾ? ಎರಡೂ ಅವಾ?”

ಮುಂದೆ ಚಿತ್ರದುರ್ಗದ ಕಾಲೇಜಿನಲ್ಲಿ ಮೇಷ್ಟ್ರು ಇದನ್ನೇ ಪಾಠ ಮಾಡಿದರು. ತುದಿಗೆ ತುದಿ ಎದುರಾದ ಬಿರುಕುಗಳು ಮೊದಲು ದೂರ ಸರಿಯುತ್ತವೆ, ದಾಟಿದ ಮೇಲೆ ಒಂದನ್ನೊಂದು ಎಳೆಯುತ್ತವೆ, ಗಾಜಿನಲ್ಲೂ ಹಾಗೆಯೇ. ಅವರು ಬೋರ್ಡಿನ ಮೇಲೆ ಕಣ್ಣನ್ನು ಬರೆದು ಮುಗಿಸುವ ಮೊದಲೇ ನನ್ನ ಕೈ ಜಡೆಗೆ ಹೋಗಿತ್ತು.

ಆ ಬಂಡೆ ಈಗಿಲ್ಲ. ಯಂತ್ರ ಬಂದು ಕೊಯ್ದು ಒಯ್ದಿದೆ. ಅದಕ್ಕಿಂತ ದೊಡ್ಡದು ನಾನು ಕಳೆದುಕೊಂಡದ್ದು, ಕಲ್ಲಿನ ಮೇಲಿನ ನಂಬಿಕೆ. ಚಿತ್ರದುರ್ಗದ ಕೋಟೆಗೆ ಹೋದಾಗ ಮಗಳು ಬಿಸಿ ಬಂಡೆಯ ಮೇಲೆ ಕಾಲು ಚಾಚಿ ಕೂತು ಕರೆಯುತ್ತಾಳೆ, “ಬಾರಮ್ಮ, ಕುತ್ಕ.” ಒಂದು ಕಾಲಕ್ಕೆ ನಾನೂ ಹಾಗೆ ಕೂರುತ್ತಿದ್ದೆ. ಈಗ ಬಾಟಲಿಯ ನೀರನ್ನು ಅವಳ ಸುತ್ತ ಚೆಲ್ಲಿ, ಕಲ್ಲು ಒಣಗುವವರೆಗೆ ನಿಂತೇ ಇರುತ್ತೇನೆ.