ಲೀಸ್ ಎಂಬ ಒಂದು ಪದದ ಕುರಿತು

ಮಾನ್ಯ ಓದುಗರೇ,

ಕನ್ನಡದಲ್ಲಿ ಬರೆಯುವ ರೂಢಿ ತಪ್ಪಿ ಬಹಳ ಕಾಲವಾಗಿರುವುದರಿಂದ, ಕಾಗುಣಿತದ ದೋಷಗಳನ್ನೂ ನನ್ನ ಸೊಟ್ಟ ಅಕ್ಷರಗಳನ್ನೂ ಮೊದಲಿಗೇ ಮನ್ನಿಸಬೇಕಾಗಿ ಕೋರುತ್ತೇನೆ.

ಸಾಂಕ್ರಾಮಿಕದ ಮೊದಲ ವರ್ಷ ನಾನು ಮಲೇಷಿಯಾದ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯೊಂದರ ಎಂಜಿನಿಯರನಾಗಿದ್ದೆನೆಂದು ಈ ಮೂಲಕ ತಿಳಿಸುತ್ತೇನೆ. ಅದೇ ವರ್ಷ ಬಾಗಲಕೋಟೆ ಕಡೆಯ ನಮ್ಮೂರಿನಲ್ಲಿ ಅಬ್ಬಾ ತೀರಿಕೊಂಡರು. ವಿಮಾನಗಳು ನಿಂತಿದ್ದವು. ದಫನನ್ನು ಫೋನಿನಲ್ಲಿ ನೋಡಿದೆ. ನಂತರ ಫೋನನ್ನು ಚಾರ್ಜಿಗೆ ಹಾಕಿ, ಕೆಳಗಿನ ಮಾಮಕ್ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದೆ.

ಅಬ್ಬಾರ ಹೊಲ ನನಗೂ ತಂಗಿಗೂ ಬಂತು. ಕೆಲವು ತಿಂಗಳ ಬಳಿಕ ಅನಿಲ ಕಂಪನಿಯೊಂದು, ನೆಲದಡಿ ಅನಿಲವಿದೆಯೇ ಎಂದು ಕೊರೆದು ನೋಡಲು ಆ ಹೊಲವನ್ನು ಗುತ್ತಿಗೆಗೆ ಕೇಳಿತು. ಅನಿಲ ಸಿಕ್ಕರೆ ಅದು ಸರ್ಕಾರದ್ದು. ನಮ್ಮಿಂದ ಬೇಕಾದದ್ದು ಮೇಲಿನ ಜಾಗ ಮಾತ್ರ. ಇಬ್ಬರ ಒಪ್ಪಿಗೆಯೂ ಅಗತ್ಯವಾಗಿತ್ತು. ನಾನು ಯಾವ ಯೋಚನೆಯೂ ಇಲ್ಲದೆ ತಂಗಿಗೆ "ಲೀಸ್‌ಗೆ ಕೊಡೋಣ" ಎಂದು ಸಂದೇಶ ಕಳುಹಿಸಿದೆ.

ಕೂಡಲೇ ವಿಡಿಯೋ ಕರೆ ಬಂತು.

"ಅಣ್ಣಾ, ಅಬ್ಬಾನ ಹೊಲಾ ಲೀಸ್‌ಗೆ ಹಾಕ್ತೀಯೇನು? ರೊಕ್ಕಾ ಖರ್ಚಾತಂದ್ರ ಬಿಡಿಸ್ಕೊಳ್ಳೋರು ಯಾರು, ನಿಮ್ಮ ಮಲೇಷಿಯಾದ ಸುಲ್ತಾನನೇನು?"

"ಯಾರೂ ಬಿಡಿಸೋದು ಬೇಕಾಗಿಲ್ಲವ್ವಾ," ಎಂದೆ.

ಪಕ್ಕದಲ್ಲಿ ಕುಳಿತು ಶಾಲೆಯ ಪಾಠ ಕೇಳುತ್ತಿದ್ದ ಮಗಳು ಒಂದು ಕಿವಿಯ ಇಯರ್‌ಫೋನ್ ತೆಗೆದಳು. "ಪಪ್ಪಾ, ಅತ್ತೆ ಈಸ್ ಕ್ರೈಯಿಂಗ್ ಲಾ."

ನಾನು ಪರದೆಯನ್ನೇ ನೋಡುತ್ತಿದ್ದೆ. ಗಮನಿಸಿರಲಿಲ್ಲ.

ತಂಗಿ ಹುಬ್ಬಳ್ಳಿಯಲ್ಲಿ ಲೀಸಿನ ಮನೆಯಲ್ಲಿದ್ದಾಳೆ. ಮಾಲೀಕನಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಿಂದಕ್ಕೆ ಪಡೆಯುವ ಪದ್ಧತಿ ಅದು. ಹಣ ಹಿಂತಿರುಗಿಸಲಾಗದ ಮಾಲೀಕನಿಗೆ ಒಳಗಿದ್ದವರು ಮನೆ ಬಿಟ್ಟುಕೊಡುವುದಿಲ್ಲ. ಕಂಪನಿಯ ಹಣ ಮುಟ್ಟಿದರೆ ಅಬ್ಬಾರ ಹೊಲ ಮರಳಿ ಬಾರದೆಂದು ಅವಳು ಅಂದುಕೊಂಡಿದ್ದಳು.

ಕಂಪನಿ ಕೊಡುವ ಹಣ ಬಾಡಿಗೆಯಿದ್ದಂತೆ, ಹಿಂದಿರುಗಿಸುವಂಥದ್ದಲ್ಲ ಎಂದು ಕಚೇರಿಯ ಸಭೆಯಲ್ಲಿ ಹೇಳುವ ಧ್ವನಿಯಲ್ಲೇ ವಿವರಿಸಿದೆ. ಅವಳು ಕಣ್ಣೊರೆಸಿಕೊಂಡು, "ನೀ ಹೇಳ್ತಿ ಅಂತ ಸಹಿ ಮಾಡ್ತೀನಿ," ಎಂದಳು. ನಂಬಿದಂತೆ ಕಾಣಲಿಲ್ಲ.

ಮುಂದಿನ ವರ್ಷ ಕಂಪನಿ ಕೊರೆಯಿತು. ಏನೂ ಸಿಗಲಿಲ್ಲ. ಗುಂಡಿ ಮುಚ್ಚಿ ಹೊಲ ಬಿಟ್ಟುಕೊಟ್ಟಿತು. ಆಗಲೂ ನಾನು ಪೆನಾಂಗಿನಲ್ಲೇ ಇದ್ದೆ. ತಂಗಿ ಹೊಲದಿಂದಲೇ ಕರೆ ಮಾಡಿ ತೋರಿಸಿದಳು: ಹೊಸದಾಗಿ ಮುಚ್ಚಿದ ಮಣ್ಣು, ಸುತ್ತ ನಾಲ್ಕಾರು ಜನ, ಮಾಸ್ಕುಗಳು. ದಫನಿನ ದಿನ ಕಂಡದ್ದೂ ಇಷ್ಟೇ ಅಗಲದ ಚಿತ್ರ. ಎರಡು ಸಲವೂ ನನಗೆ ಏನೂ ಅನ್ನಿಸಲಿಲ್ಲವೆಂಬುದನ್ನು ವಿಷಾದದಿಂದ ದಾಖಲಿಸುತ್ತೇನೆ.

"ಹೊಲಾ ಬಂತಣ್ಣಾ. ರೊಕ್ಕಾ ಯಾರೂ ವಾಪಸ್ ಕೇಳ್ಲಿಲ್ಲ," ಎಂದಳು. ಅಷ್ಟೂ ದಿನ ತನ್ನ ಪಾಲನ್ನು ಬ್ಯಾಂಕಿನಿಂದ ತೆಗೆದಿರಲಿಲ್ಲವಂತೆ. "ಈಗ ಮುಟ್ಟಬಹುದಲಾ?"

"ಮುಟ್ಟವ್ವಾ," ಎಂದೆ.

ಮೇಲ್ಕಂಡ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ. ವಿಶೇಷವಾಗಿ, ತಂಗಿಗೆ ಅಂದು ನಾನು ಬಳಸಬೇಕಾಗಿದ್ದ ಪದ ಯಾವುದೆಂದು ತಿಳಿಸಿಕೊಡಬೇಕಾಗಿ ವಿನಂತಿ.